‘ವಯಸ್ಸಾಯ್ತಲ್ಲ ಸಿಸ್ಟರ್’ ಎಂಬ ತೀರ್ಪು

ಮೂವತ್ತೊಂದು ವರ್ಷ ವಾರ್ಡುಗಳಲ್ಲಿ ಕೆಲಸ ಮಾಡಿದ್ದೇನೆ. ಅಷ್ಟೂ ವರ್ಷ ಕೇಳಿ ಕೇಳಿ ರೋಸಿಹೋದ ಮಾತೊಂದಿದೆ: ‘ವಯಸ್ಸಾಯ್ತಲ್ಲ ಸಿಸ್ಟರ್.’ ಲಕ್ವ ಹೊಡೆದ ತಾಯಿಯನ್ನು ಸ್ಟ್ರೆಚರ್ ಮೇಲೆ ತಂದ ಮಗ ಹೀಗೆನ್ನುತ್ತಾನೆ. ಕೇಸ್ ಶೀಟಿನಲ್ಲಿ ವಯಸ್ಸಿನ ಕಾಲಂ ನೋಡಿದ ಡ್ಯೂಟಿ ಡಾಕ್ಟರು ಹೀಗೆನ್ನುತ್ತಾರೆ. ಪಕ್ಕದ ಮಂಚದವರನ್ನು ನೋಡಲು ಬಂದ ನೆಂಟರು ಕಿತ್ತಳೆ ಸುಲಿಯುತ್ತಾ ಇದನ್ನೇ ಹೇಳುತ್ತಾರೆ. ನಾನೂ ಹೇಳಿದ್ದೇನೆ. ಅದಕ್ಕೇ ಆ ಮಾತಿನ ಒಳಹೊರಗು ನನಗೆ ಗೊತ್ತು, ಅದರ ವಿರುದ್ಧ ಬರೆಯುವ ಹೊಣೆಯೂ ನನ್ನ ಮೇಲಿದೆ ಅನ್ನಿಸುತ್ತದೆ.

ಕೇಳುವುದಕ್ಕೆ ಕರುಣೆಯ ಮಾತಿನಂತಿದೆ. ಬಿಡಿಸಿ ನೋಡಿದರೆ ಅದರೊಳಗೆ ಎರಡು ನಂಬಿಕೆಗಳು ಹೆಣೆದುಕೊಂಡಿವೆ. ಎಂಬತ್ತರ ಮೆದುಳಿಗೆ ಪೆಟ್ಟು ಬಿದ್ದ ಮೇಲೆ ಚಿಕಿತ್ಸೆ ಮಾಡಿ ಪ್ರಯೋಜನವಿಲ್ಲ ಎಂಬುದು ಮೊದಲನೆಯದು. ಹಾಗಾಗಿ ಉಳಿದಿರುವುದು ಬರೀ ಆರೈಕೆ, ಆರೈಕೆಯನ್ನು ಯಾರು ಬೇಕಾದರೂ ಮಾಡಬಹುದು, ಸೊಸೆ ಮಾಡಬಹುದು, ಆಯಾ ಮಾಡಬಹುದು, ಏಜೆನ್ಸಿಯಿಂದ ನಿನ್ನೆ ಬಂದ ಹುಡುಗಿ ಮಾಡಬಹುದು ಎಂಬುದು ಎರಡನೆಯದು. ಎರಡೂ ಸುಳ್ಳು. ಎರಡೂ ಸೇರಿದಾಗ ಜೀವ ಹೋಗುತ್ತದೆ. ಹೋದ ಮೇಲೂ ಯಾರಿಗೂ ಅನುಮಾನ ಬರುವುದಿಲ್ಲ, ಏಕೆಂದರೆ ವಯಸ್ಸಾಗಿತ್ತಲ್ಲ.

ಕೆಲಸಕ್ಕೆ ಸೇರಿದ ಐದನೆಯ ವರ್ಷ. ಹೆಂಗಸರ ಮೆಡಿಕಲ್ ವಾರ್ಡು, ನೈಟ್ ಡ್ಯೂಟಿ. ನಲವತ್ತಾರು ಮಂಚ, ನೆಲದ ಮೇಲೆ ಹಾಸಿದವು ಬೇರೆ. ಸಿಸ್ಟರುಗಳು ಇಬ್ಬರು. ಸಂಜೆ ಏಳಕ್ಕೆ ಬಂದಿದ್ದ ಎಪ್ಪತ್ತೆಂಟರ ಅಜ್ಜಿಗೆ ಬಲಗೈ, ಬಲಗಾಲು ಬಿದ್ದಿದ್ದವು. ಬಾಯಿ ಎಡಕ್ಕೆ ಎಳೆದಿತ್ತು, ಮಾತು ನಿಂತಿತ್ತು. ಆದರೆ ಪೂರ್ತಿ ಎಚ್ಚರವಿದ್ದರು. ಗಂಡು ಡಾಕ್ಟರು ಹತ್ತಿರ ಬಂದರೆ ಎಡಗೈಯಲ್ಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಹತ್ತು ಗಂಟೆ ಸುಮಾರಿಗೆ ಮಗ ಫ್ಲಾಸ್ಕಿನಲ್ಲಿ ಹಾಲು ತಂದ. ‘ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಳಿದಿಲ್ಲ ಸಿಸ್ಟರ್, ಎರಡು ಗುಟುಕು ಕುಡಿಸ್ತೀನಿ’ ಅಂದ. ನಾನು ಆಚೆ ಮಂಚದಲ್ಲಿ ಡ್ರಿಪ್ ಬಾಟಲಿ ಬದಲಿಸುತ್ತಿದ್ದೆ. ತಿರುಗಿಯೂ ನೋಡದೆ ‘ನಿಧಾನಕ್ಕೆ ಕುಡಿಸಪ್ಪ’ ಅಂದೆ. ಅವನು ಅಮ್ಮನ ತಲೆಯನ್ನು ತೋಳಿನ ಮೇಲಿಟ್ಟುಕೊಂಡು, ಚಿಕ್ಕಂದಿನಲ್ಲಿ ಅವರು ಅವನಿಗೆ ಕುಡಿಸಿದ್ದ ಹಾಗೆಯೇ, ಲೋಟವನ್ನು ತುಟಿಗೆ ಹಿಡಿದ. ಅಜ್ಜಿ ಕೆಮ್ಮಲಿಲ್ಲ. ಆಮೇಲೆ ಗಂಟಲಲ್ಲಿ ಸಣ್ಣಗೆ ಗೊರಗೊರ ಸದ್ದು ಕೇಳಿಸಿತು. ಕಫ ಅಂದುಕೊಂಡೆವು.

ಮರುದಿನ ಸಂಜೆ ಜ್ವರ ಬಂತು. ಮೂರನೆಯ ದಿನ ಮೇಲುಸಿರು. ಐದನೆಯ ದಿನ ಬೆಳಗಿನ ಜಾವ ತೀರಿಕೊಂಡರು. ಮಗ ಹೋಗುವಾಗ ಕೈಮುಗಿದು, ‘ನೀವೆಲ್ಲ ಚೆನ್ನಾಗಿ ನೋಡ್ಕೊಂಡ್ರಿ. ಅಮ್ಮನಿಗೂ ವಯಸ್ಸಾಗಿತ್ತು’ ಎಂದು ಹೇಳಿ ಹೋದ. ಆ ನಮಸ್ಕಾರ ಇವತ್ತಿಗೂ ನನಗೆ ಭಾರ. ಮೆದುಳಿಗೆ ಆದ ಗಾಯದಿಂದ ಅವರು ಸಾಯಲಿಲ್ಲ. ಶ್ವಾಸಕೋಶಕ್ಕೆ ಇಳಿದ ಹಾಲು ಅವರನ್ನು ಕೊಂದಿತು. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಒಂದು ತರಬೇತಿಯಲ್ಲಿ ಕೂತು ಕೇಳುತ್ತಿದ್ದಾಗ. ಕುಡಿಸುವ ಮೊದಲು ಗಂಟಲು ನೋಡಬೇಕು ಎಂದು ನರ್ಸಿಂಗ್ ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ರಾತ್ರಿ ಇಬ್ಬರೇ ಇದ್ದ ವಾರ್ಡಿನಲ್ಲಿ ಹೇಳಿಕೊಡುವವರೂ ಇರಲಿಲ್ಲ.

ಲಕ್ವ ಹೊಡೆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ನುಂಗುವ ಶಕ್ತಿ ಕೆಟ್ಟಿರುತ್ತದೆ. ಕೈಕಾಲು ಬಿದ್ದದ್ದು ಎಲ್ಲರ ಕಣ್ಣಿಗೆ ಕಾಣುತ್ತದೆ, ಗಂಟಲು ಬಿದ್ದದ್ದು ಕಾಣುವುದಿಲ್ಲ. ಲಕ್ವದಿಂದ ಗಂಟಲಿನ ಸ್ಪರ್ಶದ ಅರಿವೇ ಕುಂದಿರುವುದರಿಂದ ನೀರು ಶ್ವಾಸನಾಳಕ್ಕೆ ಇಳಿದರೂ ಹಲವರಿಗೆ ಕೆಮ್ಮು ಬರುವುದಿಲ್ಲ. ‘ಕೆಮ್ಮಲಿಲ್ಲ, ಹಾಗಾದರೆ ಸರಿಯಾಗಿ ಇಳಿಯಿತು’ ಎಂದು ನಾವು ತಿಳಿಯುತ್ತೇವೆ. ಇದನ್ನು ಪತ್ತೆಹಚ್ಚಲು ಯಂತ್ರ ಬೇಕಿಲ್ಲ. ರೋಗಿಯನ್ನು ನೆಟ್ಟಗೆ ಕೂರಿಸಬೇಕು. ಎಚ್ಚರವಿದ್ದಾರೆಯೇ, ತಮ್ಮ ಜೊಲ್ಲನ್ನು ತಾವೇ ನುಂಗಿಕೊಳ್ಳುತ್ತಾರೆಯೇ, ಕೆಮ್ಮು ಅಂದರೆ ಕೆಮ್ಮುತ್ತಾರೆಯೇ ನೋಡಬೇಕು. ಆಮೇಲೆ ಒಂದು ಚಮಚ ನೀರು. ಗಂಟಲಿನ ಉಬ್ಬಿನ ಮೇಲೆ ಬೆರಳಿಟ್ಟು ಅದು ಮೇಲೇಳುವುದನ್ನು ಗಮನಿಸಬೇಕು. ‘ಆ’ ಅನ್ನಿಸಿ ದನಿ ಒದ್ದೆಯಾಗಿದೆಯೇ ಕೇಳಿಸಿಕೊಳ್ಳಬೇಕು. ಇನ್ನೊಂದು ಚಮಚ, ಇನ್ನೊಂದು. ಎಲ್ಲವೂ ಸರಿಯಿದ್ದರೆ ಮಾತ್ರ ಲೋಟ. ಹತ್ತು ನಿಮಿಷದ ಕೆಲಸ. ಆದರೆ ಕಲಿತ ಬೆರಳು, ಕಲಿತ ಕಿವಿ ಬೇಕು. ಬಿಡುವಿನ ಹತ್ತು ನಿಮಿಷವೂ ಬೇಕು.

ನಮ್ಮ ಜನಕ್ಕೆ ಚಿಕಿತ್ಸೆ ಅಂದರೆ ಕಣ್ಣಿಗೆ ಕಾಣಬೇಕು. ‘ಡ್ರಿಪ್ ಹಾಕಿದ್ರಾ? ಆಕ್ಸಿಜನ್ ಹಾಕಿಲ್ವಾ?’ ಎಂದು ಕೇಳುತ್ತಾರೆ. ಉಸಿರಾಟ ಸರಿಯಿರುವ, ರಕ್ತದಲ್ಲಿ ಆಮ್ಲಜನಕ ಸಾಕಷ್ಟಿರುವ ಲಕ್ವ ರೋಗಿಗೆ ಸುಮ್ಮನೆ ಆಕ್ಸಿಜನ್ ಕೊಡುವುದರಿಂದ ಲಾಭವಿಲ್ಲ ಎಂಬುದು ಬ್ರಿಟನ್ನಿನಲ್ಲಿ ಎಂಟು ಸಾವಿರ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗೊತ್ತಾಗಿದೆ. ಆದರೂ ಮಾಸ್ಕ್ ಹಾಕಿದ ಕೂಡಲೇ ಮನೆಯವರ ಮುಖದಲ್ಲಿ ಸಮಾಧಾನ ಕಾಣಿಸುತ್ತದೆ. ಸಿಸ್ಟರ್ ಬಂದು ಗಂಟಲ ಮೇಲೆ ಬೆರಳಿಟ್ಟರೆ ಅದು ಅವರಿಗೆ ಚಿಕಿತ್ಸೆಯಂತೆ ತೋರುವುದಿಲ್ಲ. ಆಸ್ಪತ್ರೆಯ ಬಿಲ್ಲಿನಲ್ಲೂ ಅದಕ್ಕೊಂದು ಸಾಲು ಇರುವುದಿಲ್ಲ.

ಆ ಬೆರಳಿಗೆ ಎಷ್ಟು ಬೆಲೆ ಎಂಬುದನ್ನು ಒಬ್ಬ ನರ್ಸಿಂಗ್ ಪ್ರಾಧ್ಯಾಪಕಿ ಅಳೆದು ತೋರಿಸಿದ್ದಾರೆ. ಆಸ್ಟ್ರೇಲಿಯಾದ ಸಾಂಡಿ ಮಿಡಲ್ಟನ್ ಮತ್ತು ಜೊತೆಯವರು ನ್ಯೂ ಸೌತ್ ವೇಲ್ಸ್ ರಾಜ್ಯದ 19 ಲಕ್ವ ಘಟಕಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ದಾದಿಯರನ್ನು ಮೂರೇ ಮೂರು ವಿಷಯದಲ್ಲಿ ಪಳಗಿಸಿದರು: ಮೊದಲ ಮೂರು ದಿನ ಜ್ವರ ನೋಡುವುದು, ಸಕ್ಕರೆ ನೋಡುವುದು, ನುಂಗುವುದನ್ನು ನೋಡುವುದು. ಮೈ ಬಿಸಿ 37.5 ಡಿಗ್ರಿ ಮುಟ್ಟಿದರೆ ಕಾಯದೆ ಪ್ಯಾರಾಸಿಟಮಾಲ್, ಸಕ್ಕರೆ ಏರಿದರೆ ಇನ್ಸುಲಿನ್, ಗಂಟಲು ಪರೀಕ್ಷಿಸದೆ ಬಾಯಿಗೆ ಏನೂ ಇಲ್ಲ. ಹೊಸ ಔಷಧ ಯಾವುದೂ ಇರಲಿಲ್ಲ, ಹೊಸ ಯಂತ್ರವೂ ಇರಲಿಲ್ಲ. 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ತೊಂಬತ್ತು ದಿನಗಳ ಹೊತ್ತಿಗೆ ಸತ್ತವರು ಅಥವಾ ಪರಾಧೀನರಾದವರು ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ. 58, ಪಳಗಿದ ದಾದಿಯರ ಗುಂಪಿನಲ್ಲಿ ಶೇ. 42. ನೂರು ರೋಗಿಗಳಲ್ಲಿ ಹದಿನಾರು ಮಂದಿಯ ಹಣೆಬರಹ ಬದಲಾದದ್ದು ಥರ್ಮಾಮೀಟರ್, ಗ್ಲೂಕೋಮೀಟರ್ ಮತ್ತು ಒಂದು ಚಮಚ ನೀರಿನಿಂದ. ಇಷ್ಟು ಫಲ ಕೊಟ್ಟ ಮಾತ್ರೆಯೊಂದು ಇದ್ದಿದ್ದರೆ ಮೆಡಿಕಲ್ ರೆಪ್ರೆಸೆಂಟೇಟಿವ್‌ಗಳು ಅದನ್ನು ಹಿಡಿದು ಪ್ರತಿ ಊರಿನ ಡಾಕ್ಟರ ಬಾಗಿಲಲ್ಲೂ ನಿಲ್ಲುತ್ತಿದ್ದರು. ದಾದಿಯ ಕೆಲಸವನ್ನು ಹೊತ್ತು ಮಾರುವವರು ಯಾರೂ ಇಲ್ಲ.

ಇನ್ನು ಮುದಿ ಮೆದುಳಿಗೆ ಚಿಕಿತ್ಸೆ ವ್ಯರ್ಥ ಎಂಬ ಮೊದಲನೆಯ ನಂಬಿಕೆ. ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಬಂದ ಲಕ್ವದಲ್ಲಿ ಆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಉಪಯುಕ್ತ ಎಂದು 1995ರಲ್ಲಿ ಅಮೆರಿಕದ ಪ್ರಯೋಗ ತೋರಿಸಿತು. ಮೊದಲು ಮೂರು ಗಂಟೆಯ ಗಡುವಿತ್ತು, 2008ರಲ್ಲಿ ಅದು ನಾಲ್ಕೂವರೆ ಗಂಟೆಗೆ ಹಿಗ್ಗಿತು. ಆದರೆ 2008ರ ಆ ಪ್ರಯೋಗದಲ್ಲಿ ಎಂಬತ್ತು ದಾಟಿದವರನ್ನು ಸೇರಿಸಿಕೊಂಡಿರಲೇ ಇಲ್ಲ. ಸೇರಿಸದೆ ಇದ್ದದ್ದೇ ಬರಬರುತ್ತಾ ‘ಅವರಿಗೆ ಉಪಯೋಗವಿಲ್ಲ’ ಎಂದಾಗಿಬಿಟ್ಟಿತು. ಪರೀಕ್ಷೆಗೇ ಕೂರಿಸದೆ ಫೇಲು ಮಾಡಿದ ಹಾಗೆ. 2012ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ಮೂರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ತೆಗೆದುಕೊಂಡಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಂಬತ್ತು ದಾಟಿದವರು. ಅವರಿಗೆ ಸಿಕ್ಕ ಪ್ರಯೋಜನ ಚಿಕ್ಕವರಿಗಿಂತ ಕಡಿಮೆಯೇನೂ ಇರಲಿಲ್ಲ. ಲಕ್ವ ರೋಗಿಗಳನ್ನೇ ನೋಡಿಕೊಳ್ಳುವ ಪ್ರತ್ಯೇಕ ಘಟಕಗಳ ವಿಷಯದಲ್ಲೂ ಎರಡು ಡಜನ್ ದಾಟಿದ ಪ್ರಯೋಗಗಳು ಹೇಳುವುದು ಇದನ್ನೇ: ಅಲ್ಲಿ ಮಲಗಿದ ಮುದುಕರಿಗೂ ಅಷ್ಟೇ ಒಳ್ಳೆಯದಾಗುತ್ತದೆ.

ಎಂಬತ್ತರವರು ಐವತ್ತರವರಷ್ಟು ಸುಲಭವಾಗಿ ಏಳುವುದಿಲ್ಲ, ನಿಜ. ಹೆಚ್ಚು ಮಂದಿ ಸಾಯುತ್ತಾರೆ, ಹೆಚ್ಚು ಮಂದಿಗೆ ಊರುಗೋಲು ಉಳಿಯುತ್ತದೆ. ಹೃದಯದ ಬಡಿತ ತಾಳ ತಪ್ಪಿರುತ್ತದೆ, ಕಿಡ್ನಿ ಸೋತಿರುತ್ತದೆ, ಸಕ್ಕರೆ ಇರುತ್ತದೆ. ಆದರೆ ಈ ಮಾತಿನಿಂದ ಹೊರಡಬೇಕಾದ ತೀರ್ಮಾನವನ್ನು ನಾವು ತಲೆಕೆಳಗು ಮಾಡಿಕೊಂಡಿದ್ದೇವೆ. ಸಣ್ಣ ತಪ್ಪನ್ನು ಐವತ್ತರ ದೇಹ ತಡೆದುಕೊಳ್ಳುತ್ತದೆ, ಎಂಬತ್ತರ ದೇಹ ತಡೆದುಕೊಳ್ಳುವುದಿಲ್ಲ. ಹಾಗಾದರೆ ಹೆಚ್ಚಿನ ಎಚ್ಚರ ಯಾರಿಗೆ ಬೇಕು?

ಚುಚ್ಚುಮದ್ದಿನ ಗಡುವಿನ ವಿಷಯದಲ್ಲೂ ದಾದಿಯ ಪಾಲಿದೆ. ಎಷ್ಟು ಹೊತ್ತಿಗೆ ಲಕ್ವ ಹೊಡೆಯಿತು ಎಂದು ಯಾರಿಗೂ ಗೊತ್ತಿಲ್ಲದಿದ್ದರೆ ಲೆಕ್ಕ ಶುರುವಾಗುವುದು ರೋಗಿ ಕೊನೆಯ ಸಲ ಸರಿಯಾಗಿ ಕಂಡ ಹೊತ್ತಿನಿಂದ. ಒಂದು ಬೆಳಿಗ್ಗೆ ಏಳಕ್ಕೆ ಅಜ್ಜಿಯೊಬ್ಬರು ಬಂದರು. ‘ರಾತ್ರಿ ಒಂಬತ್ತಕ್ಕೆ ಮಲಗಿದ್ರು, ಬೆಳಿಗ್ಗೆ ನೋಡಿದ್ರೆ ಹೀಗೆ’ ಅಂದರು ಮಗ. ಹತ್ತು ಗಂಟೆ ಕಳೆದಂತಾಯಿತು, ಇನ್ನೇನೂ ಮಾಡುವಂತಿಲ್ಲ ಎಂದು ಎಲ್ಲರೂ ಕೈಚೆಲ್ಲಿದರು. ನಾನು ಹಿಂದೆ ನಿಂತಿದ್ದ ಸೊಸೆಯನ್ನು ಪಕ್ಕಕ್ಕೆ ಕರೆದು, ‘ನಡುವೆ ಎದ್ದಿದ್ರೇನಮ್ಮ? ಬಾತ್‌ರೂಮಿಗೆ ಹೋದ್ರಾ?’ ಎಂದು ಕೇಳಿದೆ. ಅವಳು ಯೋಚಿಸಿ, ‘ನಾಲ್ಕೂವರೆಗೆ ಹಂಡೆ ಒಲೆಗೆ ಬೆಂಕಿ ಹಾಕಿದ್ರು ಸಿಸ್ಟರ್. ದಿನಾ ಅತ್ತೇನೇ ಹಾಕೋದು. ನಾನು ಎದ್ದಾಗ ನೀರು ಕಾದಿತ್ತು, ನನ್ ಹತ್ರ ಮಾತೂ ಆಡಿದ್ರು’ ಅಂದಳು. ಹತ್ತು ಗಂಟೆ ಎರಡೂವರೆ ಗಂಟೆಗೆ ಇಳಿಯಿತು. ಸ್ಕ್ಯಾನ್ ಆಯಿತು, ರಕ್ತಸ್ರಾವ ಇರಲಿಲ್ಲ, ಚುಚ್ಚುಮದ್ದು ಬಿತ್ತು. ಮಗನ ಹತ್ತಿರ ಮಾತ್ರ ಕೇಳಿ ಸುಮ್ಮನಾಗಿದ್ದರೆ ಆ ಹಂಡೆ ನೀರಿನ ಲೆಕ್ಕ ಯಾರಿಗೂ ಸಿಗುತ್ತಿರಲಿಲ್ಲ.

ಚುಚ್ಚುಮದ್ದು ಬಿದ್ದ ಮೇಲಿನ ಕಥೆ ಯಾರೂ ಹೇಳುವುದಿಲ್ಲ. ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ, ಮುಂದಿನ ಆರು ಗಂಟೆ ಅರ್ಧ ಗಂಟೆಗೊಮ್ಮೆ, ಇಪ್ಪತ್ತನಾಲ್ಕು ಗಂಟೆ ತುಂಬುವವರೆಗೆ ಗಂಟೆಗೊಮ್ಮೆ ರಕ್ತದೊತ್ತಡ, ಕಣ್ಣಿನ ಪಾಪೆ, ಕೈಕಾಲಿನ ಬಲ ನೋಡಬೇಕು. ಕೂಡಿಸಿದರೆ ಒಂದು ದಿನದಲ್ಲಿ ಮೂವತ್ತಾರು ಸಲ. ಒತ್ತಡ 180/105 ದಾಟಿದರೆ ಮೆದುಳಿನಲ್ಲಿ ರಕ್ತ ಸೋರುವ ಅಪಾಯ ಹೆಚ್ಚುತ್ತದೆ. ಹೊಸದಾಗಿ ತಲೆನೋವು, ವಾಂತಿ, ಮಂಪರು ಬಂದರೆ ಆ ಕ್ಷಣವೇ ಡಾಕ್ಟರನ್ನು ಕರೆಯಬೇಕು. ಮೂವತ್ತಾರು ಸಲವೂ ಮಂಚದ ಪಕ್ಕ ನಿಂತಿರುವುದು ದಾದಿ. ಹೃದಯಾಘಾತಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲೇ ಚುಚ್ಚುಮದ್ದು ಸಿಗಲಿ ಎಂದು 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆ ಬಂತು. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮವನ್ನೂ ಶುರುಮಾಡಿತು. ಎರಡೂ ಒಳ್ಳೆಯ ಕೆಲಸ. ನಾನು ಕೇಳುವುದು ಒಂದೇ: ಲಕ್ವದ ಚುಚ್ಚುಮದ್ದಿಗೆ ದುಡ್ಡು ಇಡುವಾಗ ಆ ಮೂವತ್ತಾರು ಸಲಕ್ಕೆ ಬೇಕಾದ ಕೈಗಳಿಗೂ ದುಡ್ಡು ಇಡಿ.

ಎರಡನೆಯ ನಂಬಿಕೆ ಇನ್ನೂ ಗಟ್ಟಿ, ಏಕೆಂದರೆ ಅದಕ್ಕೆ ನಮ್ಮ ಕುಟುಂಬದ ಅಭಿಮಾನ ಬೆರೆತಿದೆ. ‘ಮನೆಯವರಷ್ಟು ಚೆನ್ನಾಗಿ ಯಾರು ನೋಡಿಕೊಳ್ತಾರೆ?’ ಪ್ರೀತಿಯ ಮಾತು ಬೇರೆ, ಅದರಲ್ಲಿ ಮನೆಯವರನ್ನು ಮೀರಿಸುವವರಿಲ್ಲ. ಆದರೆ ಇದನ್ನು ಅಳೆದು ನೋಡಿದ್ದಾರೆ, ನಮ್ಮ ದೇಶದಲ್ಲೇ. 14 ಆಸ್ಪತ್ರೆಗಳು, 1,250 ರೋಗಿಗಳು. ಅರ್ಧ ಮಂದಿಯ ಮನೆಯವರಿಗೆ ವ್ಯಾಯಾಮ, ಎಬ್ಬಿಸಿ ಕೂರಿಸುವುದು, ನಡೆಸುವುದು ಎಲ್ಲ ಕಲಿಸಿ ಮನೆಗೆ ಕಳಿಸಿದರು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳಿಗೆ ಸತ್ತವರು ಅಥವಾ ಪರಾಧೀನರಾಗಿ ಉಳಿದವರು ಕಲಿಸಿದ ಗುಂಪಿನಲ್ಲೂ ಶೇ. 47, ಕಲಿಸದ ಗುಂಪಿನಲ್ಲೂ ಶೇ. 47. ಮನೆಯವರು ಸೋಮಾರಿಗಳೆಂದು ಇದರ ಅರ್ಥವಲ್ಲ. ಬಲ್ಲವರು ಮಾಡಬೇಕಾದ ಕೆಲಸದ ಭಾರವನ್ನು ನಾಲ್ಕು ದಿನ ಕಲಿಸಿ ಸೊಸೆಯ ತಲೆಗೆ ದಾಟಿಸಿದರೆ ಆಗುವುದಿಲ್ಲ ಎಂದಷ್ಟೇ ನಾನು ಅದನ್ನು ಓದುತ್ತೇನೆ. ಆ ಸೊಸೆಗೆ ಹೊಲವಿದೆ, ಮಕ್ಕಳ ಸ್ಕೂಲಿದೆ, ಅವಳದೇ ಬೆನ್ನುನೋವಿದೆ.

ಬಲ್ಲವರ ಕೆಲಸ ಎಂದರೆ ಏನು? ಬಿದ್ದ ಕೈಯನ್ನು ಹಿಡಿದು ಎಳೆದು ಎಬ್ಬಿಸುವುದನ್ನು ದಿನಾ ನೋಡುತ್ತೇನೆ. ಲಕ್ವ ಹೊಡೆದ ಭುಜದ ಕೀಲನ್ನು ಹಿಡಿದಿಡುವ ಸ್ನಾಯು ಸಡಿಲವಾಗಿರುತ್ತದೆ, ಎಳೆದರೆ ಕೀಲು ಜಾರುತ್ತದೆ. ಆಮೇಲೆ ತಿಂಗಳುಗಟ್ಟಲೆ ‘ತೋಳು ನೋವು’ ಎಂದು ನರಳುತ್ತಾರೆ, ಅದೂ ಲಕ್ವದ ಲೆಕ್ಕಕ್ಕೆ ಹೋಗುತ್ತದೆ. ಆ ಕೈಯ ಕೆಳಗೆ ದಿಂಬಿಡಬೇಕು, ಎತ್ತುವಾಗ ಬೆನ್ನು ಮತ್ತು ಸೊಂಟಕ್ಕೆ ಕೈಕೊಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಾಗೆ ಬದಲಿಸುವಾಗ ಟಾರ್ಚ್ ಹಿಡಿದು ಬೆನ್ನಮೂಳೆಯ ಬುಡ, ಹಿಮ್ಮಡಿ ನೋಡಬೇಕು. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ, ಮುಟ್ಟಿ ಬಿಸಿ ನೋಡಬೇಕು. ಮೂತ್ರದ ನಳಿಕೆ ಹಾಕಿದರೆ ಬಟ್ಟೆ ಬದಲಿಸುವ ಕೆಲಸ ತಪ್ಪುತ್ತದೆ ನಿಜ, ಆದರೆ ಅದು ಒಳಗಿರುವಷ್ಟು ದಿನವೂ ಸೋಂಕಿಗೆ ದಾರಿ. ದಿನಕ್ಕೆರಡು ಸಲ ಬಾಯಿ ತೊಳೆಯಬೇಕು, ಕಟ್ಟಿಸಿದ ಹಲ್ಲಿದ್ದರೆ ತೆಗೆದು ತೊಳೆದಿಡಬೇಕು. ಕನ್ನಡಕ, ಕಿವಿಯ ಮಿಷನ್ ಕಳೆಯದೆ ಹಾಕಿಸಬೇಕು. ಕಾಣದ, ಕೇಳದ ಮುದುಕರು ರಾತ್ರಿಯಾದ ಕೂಡಲೇ ಕಂಗಾಲಾಗುತ್ತಾರೆ, ಅವರ ಕೈಕಟ್ಟಿ ಹಾಕುವ ವಾರ್ಡುಗಳೂ ಇವೆ. ಎಬ್ಬಿಸಿ ನಡೆಸುವುದರಲ್ಲೂ ಹದ ಬೇಕು. ಮೊದಲ ದಿನವೇ ವಿಪರೀತ ನಡೆಸಿದರೆ ಕೆಡುಕಾಗುತ್ತದೆ ಎಂದು 2015ರ ದೊಡ್ಡ ಪ್ರಯೋಗವೊಂದು ತೋರಿಸಿದೆ.

ಹಾಸಿಗೆ ಹುಣ್ಣು ‘ಬಂದೇ ಬರುತ್ತೆ’ ಅನ್ನುವವರಿಗೆ ನಾನು ಅರುಣಾ ಶಾನಭಾಗರ ಹೆಸರು ಹೇಳುತ್ತೇನೆ. ಉತ್ತರ ಕನ್ನಡದ ಹಳದೀಪುರದ ಹೆಣ್ಣುಮಗಳು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನಮ್ಮಂತೆಯೇ ನರ್ಸು. 1973ರ ನವೆಂಬರಿನಲ್ಲಿ ಅಲ್ಲಿಯೇ ನಡೆದ ಕ್ರೂರ ಹಲ್ಲೆಯಿಂದ ಅವರ ಮೆದುಳಿಗೆ ತೀವ್ರ ಹಾನಿಯಾಯಿತು. 2015ರ ಮೇ ತಿಂಗಳಲ್ಲಿ ನ್ಯೂಮೋನಿಯಾದಿಂದ ತೀರಿಕೊಳ್ಳುವವರೆಗೆ ನಲವತ್ತೊಂದು ವರ್ಷ ಮಲಗಿದ್ದಲ್ಲೇ ಇದ್ದರು. ಆ ಆಸ್ಪತ್ರೆಯ ದಾದಿಯರು ತಲೆಮಾರಿನ ನಂತರ ತಲೆಮಾರು ಅವರನ್ನು ನೋಡಿಕೊಂಡರು. ಅವರ ಮೈಮೇಲೆ ಹಾಸಿಗೆ ಹುಣ್ಣೇ ಇರಲಿಲ್ಲ ಎಂಬುದು ದೇಶಕ್ಕೆಲ್ಲ ಗೊತ್ತಾದ ಸಂಗತಿ. ಅವರ ಪ್ರಕರಣದ 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ದಾದಿಯರನ್ನು ಹೊಗಳಿತು. ದಶಕಗಟ್ಟಲೆ ಬಾರದ ಹುಣ್ಣು ನಮ್ಮ ಅಜ್ಜಿಗೆ ಹತ್ತೇ ದಿನದಲ್ಲಿ ಬಂದರೆ ಅದಕ್ಕೆ ವಯಸ್ಸನ್ನು ದೂರಬೇಕೇ?

ಕೆಲವು ವರ್ಷಗಳ ಹಿಂದೆ ಎಂಬತ್ತೊಂದರ ನಿವೃತ್ತ ಮೇಷ್ಟ್ರೊಬ್ಬರು ವಾರ್ಡಿನಲ್ಲಿದ್ದರು. ಮೆದುಳಿನ ಬಲಭಾಗಕ್ಕೆ ಪೆಟ್ಟು, ಎಡಗಡೆ ಬಿದ್ದಿತ್ತು. ನುಂಗಲು ತೊಂದರೆಯಿರಲಿಲ್ಲ. ಮಗಳು ಮನೆಯಿಂದ ತಟ್ಟೆಯಲ್ಲಿ ಅನ್ನ, ಹುಳಿ, ಪಲ್ಯ ಹಾಕಿ ಕೊಡುತ್ತಿದ್ದಳು. ಅವರು ಅರ್ಧ ತಿಂದು ತಟ್ಟೆ ಸರಿಸುತ್ತಿದ್ದರು. ‘ಅಪ್ಪನಿಗೆ ಊಟ ಸೇರ್ತಾ ಇಲ್ಲ ಸಿಸ್ಟರ್, ಇನ್ನು ಹೆಚ್ಚು ದಿನ ಇಲ್ಲ ಅನ್ಸುತ್ತೆ’ ಎಂದು ಕಣ್ಣೊರೆಸಿಕೊಂಡಳು. ನಾನು ತಟ್ಟೆ ನೋಡಿದೆ. ಬಲಗಡೆಯ ಅನ್ನ ಒಂದಗುಳೂ ಇಲ್ಲದಂತೆ ಖಾಲಿ. ನಡುವೆ ಗೆರೆ ಎಳೆದ ಹಾಗೆ. ಎಡಗಡೆಯ ಪಲ್ಯ, ಅನ್ನ ಮುಟ್ಟಿರಲೇ ಇಲ್ಲ. ಇಂಥ ಲಕ್ವದಲ್ಲಿ ರೋಗಿಯ ಪಾಲಿಗೆ ಎಡಗಡೆಯ ಜಗತ್ತೇ ಇಲ್ಲವಾಗುತ್ತದೆ. ನಾನು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. ಮೇಷ್ಟ್ರು ಹೊಸದಾಗಿ ಬಡಿಸಿದರೋ ಎಂಬಂತೆ ನೋಡಿ, ಉಳಿದದ್ದನ್ನೆಲ್ಲ ತಿಂದು ಬೆರಳು ನೆಕ್ಕಿಕೊಂಡರು. ಮಗಳು ನೋಡುತ್ತಾ ನಿಂತಳು. ಆ ದಿನದಿಂದ ಅವರ ಎಡಗಡೆ ಕುರ್ಚಿ ಹಾಕಿ ಕೂತು ಮಾತಾಡಿಸಲು ಅವಳಿಗೆ ಹೇಳಿಕೊಟ್ಟೆ, ಆ ಕಡೆ ತಲೆ ತಿರುಗಿಸುವುದನ್ನು ಅವರು ಮತ್ತೆ ಕಲಿಯಲಿ ಎಂದು.

ಮಾತು ಹೋದವರ ಕಥೆಯೂ ಹೀಗೆಯೇ. ಮಾತು ನಿಂತರೆ ಬುದ್ಧಿಯೂ ಹೋಯಿತೆಂದು ಭಾವಿಸಿ ಅವರ ಮುಂದೆಯೇ ಆಸ್ತಿಯ ಮಾತು, ತಿಥಿಯ ಖರ್ಚಿನ ಮಾತು ಆಡುವವರನ್ನು ಕಂಡಿದ್ದೇನೆ. ಅವರಿಗೆ ಅರ್ಥವಾಗುತ್ತಿರುತ್ತದೆ. ಕಣ್ಣಂಚಿನಲ್ಲಿ ನೀರು ಇಳಿಯುವುದನ್ನು ಒರೆಸಿದವರು ನಾವು. ‘ಹೌದಾದರೆ ನನ್ನ ಕೈ ಅಮುಕಿ’ ಎಂದು ಕೇಳುವುದು, ಉತ್ತರಕ್ಕೆ ಕಾಯುವುದು, ಅದನ್ನು ಮುಂದಿನ ಶಿಫ್ಟಿನವರಿಗೆ ಬರೆದಿಡುವುದು, ಇದೂ ಶುಶ್ರೂಷೆ.

ಇದಕ್ಕೆಲ್ಲ ಜನ ಎಲ್ಲಿದ್ದಾರೆ ಎಂದು ಆಡಳಿತದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಆದರೆ ಅದನ್ನು ಕೇಳಬೇಕಾದವರು ಅವರಲ್ಲ, ನಾವು. ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ದಾದಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಹಳೆಯ ಲೆಕ್ಕ. ನಲವತ್ತಾರು ಮಂಚಕ್ಕೆ ಇಬ್ಬರಿದ್ದ ರಾತ್ರಿಗಳನ್ನು ನಾನು ಕಳೆದಿದ್ದೇನೆ. ‘ವಯಸ್ಸಾಯ್ತಲ್ಲ’ ಎಂಬ ಮಾತು ಈ ಕೊರತೆಯನ್ನು ಮುಚ್ಚುವ ಹೊದಿಕೆಯಾಗಿ ಕೆಲಸ ಮಾಡುತ್ತದೆ. ಇಪ್ಪತ್ತೈದರ ಹುಡುಗ ವಾರ್ಡಿನಲ್ಲಿ ನ್ಯೂಮೋನಿಯಾದಿಂದ ಸತ್ತರೆ ಗಲಾಟೆಯಾಗುತ್ತದೆ, ತನಿಖೆಯಾಗುತ್ತದೆ. ಎಂಬತ್ತರ ಅಜ್ಜಿ ಸತ್ತರೆ ಕೈಮುಗಿದು ಹೋಗುತ್ತಾರೆ. ಯಾರೂ ಕೇಳದ ಸಾವಿಗೆ ಯಾವ ಸರ್ಕಾರವೂ ಹುದ್ದೆ ಮಂಜೂರು ಮಾಡುವುದಿಲ್ಲ. ಸ್ಟಾಫ್ ನರ್ಸ್ ಎಂಬ ಹೆಸರು ಹೋಗಿ ಶುಶ್ರೂಷಾಧಿಕಾರಿ ಎಂದು ಬೋರ್ಡಿಗೆ ಬಂತು. ಹೆಸರು ಬಂದ ಹಾಗೆ ಕೈಗಳು ಬರಲಿಲ್ಲ.

ಇನ್ನೊಂದು ಆಕ್ಷೇಪವನ್ನು ನಾನು ಗೌರವದಿಂದಲೇ ಕೇಳಿಸಿಕೊಳ್ಳುತ್ತೇನೆ. ‘ಬಾಳಿ ಬದುಕಿದ ಜೀವ, ನಳಿಕೆ ಚುಚ್ಚಿ ಹಿಂಸೆ ಮಾಡಬೇಡಿ, ನೆಮ್ಮದಿಯಾಗಿ ಹೋಗಲಿ ಬಿಡಿ’ ಎಂದು ಹೇಳುವ ಮಕ್ಕಳಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ನಿಜವಾಗಿ ಪ್ರೀತಿಯಿಂದಲೇ ಹೇಳುತ್ತಾರೆ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿತು, 2025ರ ಜನವರಿಯಲ್ಲಿ ನಮ್ಮ ರಾಜ್ಯ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಆ ಹಕ್ಕು ರೋಗಿಯದು. ಅವರು ಮೊದಲೇ ಏನು ಹೇಳಿದ್ದರು, ಚೇತರಿಕೆಯ ದಾರಿ ನಿಜಕ್ಕೂ ಮುಚ್ಚಿದೆಯೇ ಎಂದು ವೈದ್ಯರು ಕೂತು ತೀರ್ಮಾನಿಸಿದ ಮೇಲೆ ಬರುವ ಮಾತು ಅದು. ಮೊದಲ ಗಂಟೆಯಲ್ಲಿ, ಸ್ಕ್ಯಾನ್ ಆಗುವ ಮೊದಲು, ಹುಟ್ಟಿದ ವರ್ಷ ನೋಡಿ ಹೇಳುವ ಮಾತಲ್ಲ. ಮಗ ಇನ್ನೂ ಗೇಟಿನ ಹೊರಗೆ ಆಟೋದವನಿಗೆ ದುಡ್ಡು ಕೊಡುತ್ತಿರುವಾಗಲೇ ಹೊರಬೀಳುವ ‘ವಯಸ್ಸಾಯ್ತಲ್ಲ’ದಲ್ಲಿ ಘನತೆಯ ಮಾತೆಲ್ಲಿದೆ? ಸಾಯುವುದು ಖಚಿತವಾದವರಿಗೂ ಬಾಯಿ ಒದ್ದೆ ಮಾಡುವ, ಮಗ್ಗುಲು ಬದಲಿಸುವ, ನೋವಿಗೆ ಔಷಧ ಕೊಡುವ ಕೈ ಬೇಕು. ನೆಮ್ಮದಿಯ ಸಾವು ಶುಶ್ರೂಷೆಯನ್ನು ನಿಲ್ಲಿಸಿದರೆ ಬರುವುದಿಲ್ಲ.

ಇದನ್ನು ಓದುವ ನಿಮ್ಮ ಮನೆಯಲ್ಲೂ ಎಪ್ಪತ್ತು ದಾಟಿದವರೊಬ್ಬರು ಇರಬಹುದು. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಲಕ್ವಕ್ಕೆ ಎಣ್ಣೆ ತಿಕ್ಕುವವರ ಊರಿಗೆ, ಪಾರಿವಾಳದ ರಕ್ತ ಹಚ್ಚುವವರ ಮನೆಗೆ ಗಾಡಿ ತಿರುಗಿಸಬೇಡಿ. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ಮನೆಯಲ್ಲಿರುವ ಎಲ್ಲರನ್ನೂ ಕೇಳಿ ಬರೆದುಕೊಳ್ಳಿ. ವಾರ್ಡಿಗೆ ಹೋದ ಮೇಲೆ ಯಾವ ಬಾಟಲಿ ಹಾಕಿದರೆಂದು ಕೇಳುವ ಮೊದಲು ‘ನುಂಗೋಕೆ ಆಗುತ್ತಾ ನೋಡಿದ್ರಾ ಸಿಸ್ಟರ್?’ ಎಂದು ಕೇಳಿ. ಅವರು ನೋಡಿ ಹೇಳುವವರೆಗೆ ಕೈಯಲ್ಲಿರುವ ಹಾಲಿನ ಲೋಟವನ್ನು ಕೆಳಗಿಡಿ.